‘ಎಲ್ಲೆಲ್ಲಿ ಬಳಸಬಹುದು?’ ಎಂಬುದು ಅರ್ಧ ಪ್ರಶ್ನೆ

ಕಳೆದ ಮಳೆಗಾಲದಲ್ಲಿ, ಆಟಿ ತಿಂಗಳ ಕೊನೆಯ ವಾರ, ಲಾಯಿಲದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ವಿಜ್ಞಾನ ಪಾಠ ನೋಡಲು ಕುಳಿತಿದ್ದೆ. ಒಂಬತ್ತನೆಯ ತರಗತಿ. ಪೀಠಿಕೆಗಾಗಿ ಅವರು ಒಂದು ಸಣ್ಣ ವಿಡಿಯೊ ತೋರಿಸಿದರು. ಬಿಳಿ ಬಟ್ಟೆಯ ಶೂಗೆ ಡಬ್ಬಿಯಿಂದ ಏನನ್ನೋ ಸಿಂಪಡಿಸುತ್ತಾರೆ, ಒಣಗಿದ ಮೇಲೆ ಕೆಸರು ನೀರು ಸುರಿಯುತ್ತಾರೆ, ನೀರು ಮಣಿಮಣಿಯಾಗಿ ಉರುಳಿ ಹೋಗುತ್ತದೆ, ಶೂ ಬೆಳ್ಳಗೇ ಉಳಿಯುತ್ತದೆ. ‘ಇಂಥ ಲೇಪ ನಿಮ್ಮ ಕೈಗೆ ಸಿಕ್ಕರೆ ದಿನನಿತ್ಯ ಎಲ್ಲೆಲ್ಲಿ ಬಳಸುತ್ತೀರಿ?’ ಎಂದು ಕೇಳಿದರು.

ಹೊರಗೆ ಜೋರು ಮಳೆ. ಜಗಲಿಯಲ್ಲಿ ಕೊಡೆಗಳ ಸಾಲು. ಮಕ್ಕಳಿಗೆ ಉತ್ತರ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಶಾಲೆಯ ಚೀಲಕ್ಕೆ, ಸಮವಸ್ತ್ರಕ್ಕೆ, ಬಸ್ಸಿನ ಗಾಜಿಗೆ, ಮನೆಯ ಹಂಚಿಗೆ, ಪಾಚಿ ಕಟ್ಟುವ ಅಂಗಳಕ್ಕೆ, ಮೊಬೈಲಿಗೆ. ಬಿಸಿಯೂಟದ ತಟ್ಟೆಗೆ ಬಿಟ್ಟರೆ ತೊಳೆಯುವುದೇ ಬೇಡ ಎಂದ ಒಬ್ಬ. ಅಮ್ಮನ ಬೀಡಿ ಎಲೆಗೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ಅದಕ್ಕೆ ಎಂದಳು ಒಬ್ಬಳು. ಪ್ರಶಿಕ್ಷಣಾರ್ಥಿ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದು ‘ಗುಡ್’ ಎಂದರು. ನಾನೂ ವೀಕ್ಷಣಾ ಪುಸ್ತಕದಲ್ಲಿ ‘ಮಕ್ಕಳ ಪಾಲ್ಗೊಳ್ಳುವಿಕೆ ಉತ್ತಮ’ ಎಂದು ಬರೆದೆ.

ಆಗ ಕೊನೆಯ ಸಾಲಿನ ಹುಡುಗನೊಬ್ಬ ಎದ್ದು, ‘ಟೀಚರ್, ಇದು ಅಡಿಕೆಗೆ ಮದ್ದು ಬಿಟ್ಟ ಹಾಗೆಯೇ ಅಲ್ವಾ?’ ಎಂದ. ತರಗತಿ ನಕ್ಕಿತು. ಪ್ರಶಿಕ್ಷಣಾರ್ಥಿ ನಗಲಿಲ್ಲ. ‘ಹೇಗೆ? ಹೇಳು ನೋಡುವ’ ಎಂದರು. ಅವನು ಹೇಳಿದ. ಮೈಲುತುತ್ತು ಬೇರೆ, ಸುಣ್ಣ ಬೇರೆ ನೀರಿನಲ್ಲಿ ಕರಗಿಸಬೇಕು. ಕೂಡಿಸಿದ ಮೇಲೆ ಅಪ್ಪ ಕತ್ತಿಯ ತುದಿ ಅದ್ದಿ ನೋಡುತ್ತಾರೆ. ‘ಕತ್ತಿ ಕೆಂಪಾದ್ರೆ ಸುಣ್ಣ ಸಾಕಾಗ್ಲಿಲ್ಲ ಅಂತ ಟೀಚರ್. ಹಾಗೇ ಬಿಟ್ರೆ ಗೊನೆ ಸುಟ್ಟು ಹೋಗ್ತದೆ.’ ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ದಿನ ಕಳೆದು ಇನ್ನೊಂದು ಸಲ. ನಡುವೆ ಬಿಸಿಲು ಬಾರದಿದ್ದರೆ ಕಷ್ಟ. ಅವನ ತಂದೆಗೆ ಸ್ವಂತ ತೋಟವಿಲ್ಲ, ಬೇರೆಯವರ ಮರ ಹತ್ತಿ ಮದ್ದು ಬಿಡುವ ಕೆಲಸ. ‘ಅಪ್ಪನ ಅಂಗಿಯ ನೀಲಿ ಎಷ್ಟು ಒಗೆದರೂ ಹೋಗುದಿಲ್ಲ’ ಎಂದು ಸೇರಿಸಿ ಕುಳಿತ.

ಇದರಲ್ಲಿ ಹತ್ತು ನಿಮಿಷ ಕಳೆಯಿತು. ಗಂಟೆ ಹೊಡೆದಾಗ ಮುಕ್ತಾಯದ ಹಂತ ಆಗಿರಲಿಲ್ಲ, ಮೌಲ್ಯಮಾಪನದ ಪ್ರಶ್ನೆಗಳು ಪಾಠಯೋಜನೆಯಲ್ಲೇ ಉಳಿದವು. ನಾನು ಬರೆದದ್ದು: ‘ವಿಷಯಾಂತರ. ಸಮಯಪಾಲನೆಯತ್ತ ಗಮನ ಅಗತ್ಯ.’ ಅಂಕವನ್ನೂ ಕಳೆದೆ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಒಂದು ತೋಟದಲ್ಲಿ ಮದ್ದಿನ ಪಂಪಿನ ಸದ್ದು ಕೇಳಿತು. ಆ ತರಗತಿಯಲ್ಲಿ ನಿಜವಾಗಿ ವಿಜ್ಞಾನ ನಡೆದದ್ದು ನಾನು ಅಂಕ ಕಳೆದ ಆ ಹತ್ತು ನಿಮಿಷ ಮಾತ್ರ ಎಂದು ಆಗ ಅನ್ನಿಸಿತು. ಅಂದಿನಿಂದ ಯೋಚಿಸಿದ್ದನ್ನು ಸಹೋದ್ಯೋಗಿಗಳ ಮತ್ತು ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ.

‘ಎಲ್ಲೆಲ್ಲಿ ಬಳಸಬಹುದು?’ ಎಂಬ ಪ್ರಶ್ನೆ ನಮಗೆಲ್ಲ ಪ್ರಿಯ. ಮನೋವಿಜ್ಞಾನದ ಪತ್ರಿಕೆಯಲ್ಲಿ ನಾವು ಓದುವ ಗಿಲ್‌ಫರ್ಡ್‌ನ ಪರೀಕ್ಷೆಯಿಂದ ಬಂದದ್ದು ಅದು. ಒಂದು ಇಟ್ಟಿಗೆಯನ್ನು ಎಷ್ಟು ಬಗೆಯಲ್ಲಿ ಬಳಸಬಹುದು ಎಂದು ಕೇಳಿ ಮಕ್ಕಳ ಬಹುಮುಖ ಚಿಂತನೆಯನ್ನು ಅಳೆಯುವುದು. ಉತ್ತರಗಳ ಸಂಖ್ಯೆಯ ಜೊತೆಗೆ ವೈವಿಧ್ಯ, ಸ್ವಂತಿಕೆ ಮತ್ತು ವಿಸ್ತರಣೆಯನ್ನೂ ನೋಡಬೇಕೆಂದು ಪರೀಕ್ಷೆಯಲ್ಲಿ ಬರೆದು ಪಾಸಾಗುತ್ತೇವೆ. ತರಗತಿಗೆ ಬಂದಾಗ ಎಣಿಸುವುದು ಸಂಖ್ಯೆಯನ್ನು ಮಾತ್ರ. ಹಲಗೆ ತುಂಬಿದರೆ ಪಾಠ ಚೆನ್ನಾಯಿತು. ಬೀಡಿ ಎಲೆಗೆ ಲೇಪ ಹಚ್ಚಿದರೆ ಅದು ಹೊಗೆಯಾಗಿ ಸೇದುವವರ ಎದೆಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ತಟ್ಟೆಯ ಲೇಪ ಅನ್ನದ ಜೊತೆ ಹೊಟ್ಟೆಗೆ ಹೋದರೆ ಎಂದೂ ಕೇಳಲಿಲ್ಲ. ಎಲ್ಲ ಉತ್ತರಕ್ಕೂ ಒಂದೇ ‘ಗುಡ್’. ಹುಡುಗಿಯ ಬೀಡಿ ಎಲೆಯ ಮಾತು ಮನೆಯೊಂದರ ಮಳೆಗಾಲದ ಸಂಪಾದನೆಯ ಮಾತಾಗಿತ್ತು. ಅದಕ್ಕೆ ‘ಗುಡ್’ ಅಂದದ್ದಕ್ಕಿಂತ ಎರಡು ನಿಮಿಷದ ಚರ್ಚೆ ಹೆಚ್ಚು ಗೌರವ ಕೊಡುತ್ತಿತ್ತು.

ಬಳಕೆಗಳು ಪಟ್ಟಿ ಮಾಡಿ ಸಿಗುವುದಿಲ್ಲ, ನೋಡಿ ಸಿಗುತ್ತವೆ. ಇದಕ್ಕೆ ಆ ಹುಡುಗ ಹೇಳಿದ ಮದ್ದಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫ್ರಾನ್ಸಿನ ಬೋರ್ಡೊ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಕೂಡಿಸಿ ಎರಚುತ್ತಿದ್ದರು. ನೋಡಲು ವಿಷದಂತಿರಬೇಕು, ಅಷ್ಟೇ ಉದ್ದೇಶ. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಆ ದಾರಿಯಲ್ಲಿ ಹೋಗುವಾಗ, ಬೂಷ್ಟು ರೋಗದಿಂದ ಉಳಿದ ಬಳ್ಳಿಗಳೆಲ್ಲ ಎಲೆ ಕಳೆದುಕೊಂಡಿದ್ದರೂ ರಸ್ತೆ ಬದಿಯವು ಮಾತ್ರ ಹಸಿರಾಗಿರುವುದನ್ನು ಗಮನಿಸಿದ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಕಳ್ಳರಿಗೆ ಹಚ್ಚಿದ ಲೇಪ ರೋಗಕ್ಕೆ ಮದ್ದಾಯಿತು.

ಅಲ್ಲಿಂದ ಅಡಿಕೆಗೆ ಬಂದದ್ದು ಇನ್ನೊಂದು ಕತೆ. ಮಲೆನಾಡಿನ ಬೆಳೆಗಾರರು ಕೊಳೆರೋಗಕ್ಕೆ ಗೊನೆಗಳ ಮೇಲೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆ ಮಾಡುತ್ತಿದ್ದರು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ 1910ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿದರು. ದ್ರಾಕ್ಷಿಯ ಮದ್ದನ್ನು ಅಡಿಕೆ ಗೊನೆಗೆ ಒಗ್ಗಿಸಿದವರು ಅವರು. ನುಣುಪಾದ ಕಾಯಿಯ ಮೇಲೆ, ಸುರಿವ ಮಳೆಯಲ್ಲಿ ಅದು ನಿಲ್ಲಲೆಂದು ರಾಳ ಮತ್ತು ಸೋಡಾ ಕುದಿಸಿದ ಅಂಟನ್ನು ಬೆರೆಸಲಾಯಿತು. ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಬಂದಿತು. ಈ ಕಡೆ ಕೆಲವರು ಮಹಾಳಿ ಎನ್ನುವ ಈ ರೋಗಕ್ಕೆ ಇಂದಿಗೂ ಮೊದಲ ಮದ್ದು ಅದೇ: 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಸಿಂಪಡಿಸುವ ರಕ್ಷಕ ಲೇಪ ‘ಹೊಸ ತಂತ್ರಜ್ಞಾನ’ ಎಂದು ಹೇಳಿ ನಾವು ಪಾಠ ಮಾಡುತ್ತಿರುವ ತರಗತಿಯಲ್ಲಿ, ನೂರು ವರ್ಷದ ಒಂದು ರಕ್ಷಕ ಲೇಪವನ್ನು ಮನೆಯಲ್ಲಿ ಕಲಸಿ ಬಂದ ಮಕ್ಕಳು ಕುಳಿತಿರುತ್ತಾರೆ.

ಕತ್ತಿ ಅದ್ದಿ ನೋಡುವ ಮಾತನ್ನೇ ತೆಗೆದುಕೊಳ್ಳಿ. ಸುಣ್ಣ ಸಾಕಾಗದಿದ್ದರೆ ದ್ರಾವಣದಲ್ಲಿ ತಾಮ್ರದ ಸಲ್ಫೇಟ್ ಹಾಗೆಯೇ ಉಳಿದಿರುತ್ತದೆ. ಕಬ್ಬಿಣ ಅದರಲ್ಲಿನ ತಾಮ್ರವನ್ನು ಹೊರತಳ್ಳಿ ತಾನು ದ್ರಾವಣಕ್ಕೆ ಇಳಿಯುತ್ತದೆ, ಹೊರಬಿದ್ದ ತಾಮ್ರ ಕತ್ತಿಯ ಮೇಲೆ ಕೆಂಪಗೆ ಕೂರುತ್ತದೆ. ಹತ್ತನೆಯ ತರಗತಿಯಲ್ಲಿ ಕಬ್ಬಿಣದ ಮೊಳೆಯನ್ನು ಪ್ರನಾಳದಲ್ಲಿ ಇಳಿಬಿಟ್ಟು ನಾವು ಕಲಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. ಆ ಹುಡುಗ ಒಂದು ವರ್ಷ ಮೊದಲೇ ಅದನ್ನು ಉಪಯೋಗದ ಸಮೇತ ಹೇಳಿದ್ದ. ಸಮೀಕರಣವೊಂದೇ ಬಾಕಿ. ನಾನು ಅದಕ್ಕೆ ‘ವಿಷಯಾಂತರ’ ಎಂದೆ. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾತನ್ನು ಪ್ರತಿವರ್ಷ ಪಾಠ ಮಾಡುವವನು ನಾನು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ರಕ್ಷಕ ಲೇಪದ ಬಗ್ಗೆ, ಹಾಗೆ ನೋಡಿದರೆ ಯಾವುದೇ ಹೊಸ ವಸ್ತುವಿನ ಬಗ್ಗೆ, ‘ಎಲ್ಲೆಲ್ಲಿ ಬಳಸಬಹುದು?’ ಎಂದು ಕೇಳಿ ನಿಲ್ಲಿಸಿದರೆ ಅದು ಅರ್ಧ ಪ್ರಶ್ನೆ. ಇನ್ನು ನಾಲ್ಕು ಪ್ರಶ್ನೆ ಕೂಡಿದಾಗ ಅದು ಪೂರ್ತಿಯಾಗುತ್ತದೆ. ನಾಲ್ಕೂ ಆ ಹುಡುಗನ ಮಾತಿನಲ್ಲೇ ಇದ್ದವು.

ಮೊದಲನೆಯದು, ಯಾವುದರಿಂದ ರಕ್ಷಣೆ? ವಿಡಿಯೊದ ಲೇಪ ನೀರನ್ನು ದೂರ ಇಡುತ್ತದೆ. ಬೋರ್ಡೊ ದ್ರಾವಣ ನೀರನ್ನು ತಡೆಯುವುದಿಲ್ಲ, ಮಳೆಹನಿಯಲ್ಲಿ ಈಜಿಕೊಂಡು ಬರುವ ರೋಗಾಣುವಿನ ಬೀಜಕಗಳನ್ನು ಕಾಯಿಯ ಒಳಗೆ ಹೋಗುವ ಮೊದಲೇ ತಾಮ್ರದಿಂದ ಕೊಲ್ಲುತ್ತದೆ. ಎರಡೂ ಸಿಂಪಡಿಸುವ ಲೇಪಗಳೇ, ಕೆಲಸ ಮಾತ್ರ ಬೇರೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಲೇಪ ಮೂರನೆಯ ಬಗೆ. ಅದು ಹತ್ತಿಬಟ್ಟೆ, ಪ್ಲಾಸ್ಟಿಕ್‌ಗಳ ಮೇಲೆ ಕೂತು ತಾಗಿದ ಸೂಕ್ಷ್ಮಜೀವಿಗಳನ್ನು ಕೊಲ್ಲುವಂಥದ್ದು. ಈ ಮೂರನ್ನೂ ‘ರಕ್ಷಕ ಲೇಪ’ ಎಂಬ ಒಂದೇ ಹೆಸರಿನಲ್ಲಿ ಕರೆದು ಬಳಕೆಗಳ ಪಟ್ಟಿ ಮಾಡಿಸಿದರೆ ಮಗು ಕಲಿಯುವುದು ಹೆಸರನ್ನು ಮಾತ್ರ.

ಎರಡನೆಯದು, ಎಷ್ಟು ದಿನ? ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಇದೇ ದೊಡ್ಡ ಪ್ರಶ್ನೆ. ಮದ್ದು ನಲವತ್ತು, ನಲವತ್ತೈದು ದಿನ. ಜಕ್ಕೂರಿನ ಲೇಪವನ್ನು ನೇರಳಾತೀತ ಬೆಳಕಿನಿಂದ ಬಟ್ಟೆಯೊಂದಿಗೆ ರಾಸಾಯನಿಕವಾಗಿ ಬೆಸೆಯುತ್ತಾರೆ, ಸುಲಭವಾಗಿ ತೊಳೆದು ಹೋಗದಿರಲೆಂದು. ವಿಡಿಯೊದ ಶೂ? ಅದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಒಂದು ಕೆಸುವಿನ ಎಲೆ ಸಾಕು. ಆಟಿಯಲ್ಲಿ ಪತ್ರೊಡೆಗೆ ಎಲ್ಲರ ಹಿತ್ತಲಿನಲ್ಲೂ ಇರುತ್ತದೆ. ಅದರ ಮೇಲೆ ನೀರು ನಿಲ್ಲುವುದಿಲ್ಲ, ಪಾದರಸದಂತೆ ಉರುಳುತ್ತದೆ. ಎಲೆಯ ಮೇಲಿನ ಅತಿ ಸಣ್ಣ ಉಬ್ಬುಗಳೂ ಅವುಗಳ ಮೇಲಿನ ಮೇಣವೂ ಸೇರಿ ಮಾಡುವ ಕೆಲಸ ಅದು. ತಾವರೆ ಎಲೆಯಲ್ಲಿ ಇದನ್ನು ವಿವರಿಸಿ ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಬರೆದ ಪ್ರಬಂಧದಿಂದ ‘ತಾವರೆ ಪರಿಣಾಮ’ ಎಂಬ ಹೆಸರು ಪ್ರಸಿದ್ಧವಾಯಿತು. ಈಗ ಆ ಎಲೆಯ ಒಂದು ಜಾಗವನ್ನು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿ ಮತ್ತೆ ನೀರು ಹಾಕಿಸಿ. ಅಲ್ಲಿ ನೀರು ಹರಡಿ ಅಂಟುತ್ತದೆ. ದಿನಾ ನೆಲಕ್ಕೆ ಉಜ್ಜುವ ಶೂಗೆ ಹಚ್ಚಿದ ಲೇಪದ ಗತಿ ಏನು ಎಂಬುದಕ್ಕೆ ಬೇರೆ ವಿಡಿಯೊ ಬೇಡ. ಎಲೆ ಸವೆದರೆ ಗಿಡ ಹೊಸ ಎಲೆ ಬಿಡುತ್ತದೆ, ಶೂ ಹಾಗೆ ಮಾಡುವುದಿಲ್ಲ ಎಂದು ಯಾವುದಾದರೂ ಮಗು ಹೇಳಿದರೆ ಆ ದಿನದ ಪಾಠ ಮುಗಿಯಿತೆಂದು ತಿಳಿಯಬಹುದು.

ಮೂರನೆಯದು, ಬಿಟ್ಟು ಹೋದದ್ದು ಎಲ್ಲಿಗೆ ಹೋಗುತ್ತದೆ? ಗೊನೆಯಿಂದ ತೊಳೆದ ತಾಮ್ರ ತೋಟದ ಮಣ್ಣಿಗೆ, ಅಲ್ಲಿಂದ ತೋಡಿಗೆ. ತಾಮ್ರ ಕರಗಿ ಇಲ್ಲವಾಗುವ ವಸ್ತುವಲ್ಲ, ವರ್ಷ ವರ್ಷ ಮಣ್ಣಿನಲ್ಲಿ ಕೂಡುತ್ತದೆ. ಹೆಚ್ಚಾದರೆ ಮೀನಿಗೂ ಮಣ್ಣಿನ ಜೀವಿಗಳಿಗೂ ಕೇಡು. ಈ ಮದ್ದು ಹುಟ್ಟಿದ ಯುರೋಪಿನಲ್ಲೇ ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೊ ತಾಮ್ರ ಎಂಬ ಮಿತಿ ಇದೆ. ಹೊಸ ಲೇಪಗಳಲ್ಲೂ ಇದೇ ಪ್ರಶ್ನೆ. ನೀರು, ಎಣ್ಣೆ ಎರಡೂ ಅಂಟದಂತೆ ಮಾಡುವ ಎಷ್ಟೋ ಲೇಪಗಳಲ್ಲಿ ಫ್ಲೋರಿನ್ ಸೇರಿದ ಸಂಯುಕ್ತಗಳಿರುತ್ತವೆ. ಅವು ಪರಿಸರದಲ್ಲಿ ಬಹುಕಾಲ ಒಡೆಯದೆ ಉಳಿಯುತ್ತವೆ. ಅವುಗಳಲ್ಲಿ ಕೆಲವನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಮತ್ತು ನಿರ್ಬಂಧಗಳ ಪಟ್ಟಿಗೆ ಸೇರಿಸಲಾಗಿದೆ.

ನಾಲ್ಕನೆಯದು, ಯಾರ ಮೈ ಮೇಲೆ ಬೀಳುತ್ತದೆ? ಒಗೆದರೂ ಹೋಗದ ಅಂಗಿಯ ನೀಲಿಯನ್ನು ಹುಡುಗ ದೂರಾಗಿ ಹೇಳಲಿಲ್ಲ, ಕಂಡದ್ದನ್ನು ಹೇಳಿದ. ಹಚ್ಚುವುದಕ್ಕೂ ಸಿಂಪಡಿಸುವುದಕ್ಕೂ ವ್ಯತ್ಯಾಸವಿದೆ. ಸಿಂಪಡಿಸಿದ್ದು ಗುರಿ ಮುಟ್ಟುವ ಮೊದಲು ಗಾಳಿಯಲ್ಲಿರುತ್ತದೆ, ಗಾಳಿಯಲ್ಲಿರುವುದನ್ನು ಉಸಿರಾಡುತ್ತೇವೆ. 2006ರಲ್ಲಿ ಜರ್ಮನಿಯಲ್ಲಿ ಸ್ನಾನದ ಮನೆಯ ಗಾಜಿಗೆ, ಸೆರಾಮಿಕ್‌ಗೆ ಸಿಂಪಡಿಸುವ ಹೊಸ ರಕ್ಷಕ ಲೇಪವೊಂದು ಒತ್ತಡದ ಡಬ್ಬಿಯಲ್ಲಿ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಸುಮಾರು ನೂರು ಜನ ಉಸಿರಾಟದ ತೊಂದರೆಗೆ ಒಳಗಾದರು. ಹೆಸರಿನಲ್ಲಿ ‘ನ್ಯಾನೊ’ ಇದ್ದರೂ ಅದರಲ್ಲಿ ನ್ಯಾನೊ ಕಣಗಳು ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಹೆಸರನ್ನು ನೋಡಿ ಹೊಗಳುವುದೂ ಹೆದರುವುದೂ ಎರಡೂ ಸಾಲದು ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ಬೆಳ್ತಂಗಡಿ ತಾಲೂಕಿನಲ್ಲಿ ಪಾಠ ಮಾಡುವವರು ಈ ನಾಲ್ಕನೆಯ ಪ್ರಶ್ನೆಯನ್ನು ಬಿಡುವಂತೆಯೇ ಇಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ನಮ್ಮ ಕಾಲದ ಮಾತು. ಅದು ಲೇಪವಲ್ಲ, ಕೀಟನಾಶಕ. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ‘ಎಲ್ಲಿ ಬಳಸಬಹುದು?’ ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರವಿತ್ತು. ಕೆಳಗಿನ ಬಾವಿ, ತೋಡು, ಅಂಗಳದಲ್ಲಿ ಆಡುವ ಮಕ್ಕಳ ಮೇಲೆ ಅದು ಬೀಳುತ್ತದೆಯೇ ಎಂದು ಸಕಾಲದಲ್ಲಿ ಕೇಳಿದವರಿರಲಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಯಿತು. ಸಂತ್ರಸ್ತರೆಂದು ಸರಕಾರ ಗುರುತಿಸಿ ಮಾಸಾಶನ ಕೊಡುತ್ತಿರುವ ಕುಟುಂಬಗಳು ನಮ್ಮ ನಡುವೆ ಇವೆ. ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ: ತರಗತಿಯಲ್ಲಿ ಅಂಥ ಮನೆಯ ಮಗು ಇರಬಹುದು. ಈ ವಿಷಯವನ್ನು ಪೀಠಿಕೆಯ ಬಿಸಿಗಾಗಿ ಬಳಸಬೇಡಿ, ಯಾವ ಮಗುವನ್ನೂ ಉದಾಹರಣೆಯಾಗಿ ನಿಲ್ಲಿಸಬೇಡಿ. ನಾಲ್ಕನೆಯ ಪ್ರಶ್ನೆಯನ್ನು ಪ್ರತಿ ಸಲ ಕೇಳುವ ಅಭ್ಯಾಸ ಮಾಡಿಸಿದರೆ ಸಾಕು.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೋಧನಾಭ್ಯಾಸದ ಪಾಠಕ್ಕೆ ಸಿಗುವುದು ಒಂದು ಅವಧಿ, ಶಾಲೆಯವರಿಗೆ ಪಠ್ಯ ಮುಗಿಯಬೇಕು, ನಮಗೆ ಹಂತಗಳೆಲ್ಲ ಕಾಣಬೇಕು. ನನ್ನ ಉತ್ತರ ಸರಳ: ಇಪ್ಪತ್ತು ಬಳಕೆಗಳ ಬದಲು ಐದೇ ಬರೆಯಿರಿ. ಆ ಐದನ್ನು ಗುಂಪುಗಳಿಗೆ ಹಂಚಿ ನಾಲ್ಕು ಪ್ರಶ್ನೆ ಹಾಕಿಸಿ. ಕೆಸುವಿನ ಎಲೆ, ಅಡಿಕೆ ಹಾಳೆ, ಮೇಣ ಉಜ್ಜಿದ ಹಂಚಿನ ತುಂಡು, ಏನೂ ಹಚ್ಚದ ಹಂಚಿನ ತುಂಡು, ಒಂದು ಹನಿ ಹಾಕುವ ನಳಿಕೆ. ಖರ್ಚಿಲ್ಲ. ಮೈಲುತುತ್ತನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಅದು ವಿಷ. ಮೊಳೆಯ ಪ್ರಯೋಗವನ್ನು ಶಿಕ್ಷಕರೇ ಪ್ರಯೋಗಾಲಯದಲ್ಲಿ ಮಾಡಿ ತೋರಿಸಲಿ. ಸಿಂಪಡಿಸುವ ಡಬ್ಬಿಯನ್ನಂತೂ ಬಾಗಿಲು ಮುಚ್ಚಿದ ಮಳೆಗಾಲದ ತರಗತಿಗೆ ತರುವುದು ಬೇಡ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಊರಿನದನ್ನೇ ಹೇಳುತ್ತಾ ಕುಳಿತರೆ ಮಕ್ಕಳು ಹೊಸದನ್ನು ನೋಡುವುದು ಯಾವಾಗ? ನಾನು ಹೊಸದನ್ನು ಬಿಡಿ ಎನ್ನುತ್ತಿಲ್ಲ. ಆ ವಿಡಿಯೊ ತೋರಿಸದಿದ್ದರೆ ಹುಡುಗ ಏಳುತ್ತಲೇ ಇರಲಿಲ್ಲ. ಹೊಸ ಲೇಪ ಅವನಿಗೆ ಹಳೆಯದನ್ನು ನೆನಪಿಸಿತು, ಹಳೆಯದು ಹೊಸದನ್ನು ಅಳೆಯುವ ಕೋಲು ಕೊಟ್ಟಿತು. ನಮ್ಮ ಕೆಲಸ ಆ ಎರಡನ್ನು ಭೇಟಿ ಮಾಡಿಸುವುದು. ಎಲ್ಲ ಮಕ್ಕಳ ಮನೆಯಲ್ಲೂ ಅಡಿಕೆ ಇಲ್ಲ, ನಿಜ. ಕೆಲವರಲ್ಲಿ ರಬ್ಬರ್ ಮರಕ್ಕೆ ಮಳೆಗಾಲದಲ್ಲಿ ಕಟ್ಟುವ ಪ್ಲಾಸ್ಟಿಕ್ ಇದೆ, ಕೆಲವರಲ್ಲಿ ಮರಮಟ್ಟಿಗೆ ಗೆದ್ದಲು ಹಿಡಿಯದಂತೆ ಹಚ್ಚುವ ಗೇರೆಣ್ಣೆ ಇದೆ, ಸೆಗಣಿ ಸಾರಿಸಿದ ನೆಲ ನೆನಪಿರುವ ಅಜ್ಜಿ ಇದ್ದಾರೆ. ಕೇಳಿದರೆ ಹೇಳುತ್ತಾರೆ.

ಕೊನೆಗೆ ನಮ್ಮ ಬಗ್ಗೆ, ಎಂದರೆ ಹಿಂದಿನ ಬೆಂಚಿನಲ್ಲಿ ಪುಸ್ತಕ ಹಿಡಿದು ಕೂರುವವರ ಬಗ್ಗೆ. ಪ್ರಶಿಕ್ಷಣಾರ್ಥಿಗಳು ನಾವು ಅಂಕ ಕೊಡುವುದನ್ನು ಕಲಿಸುತ್ತಾರೆ. ಸಮಯಪಾಲನೆಗೆ ಅಂಕವಿದ್ದು ಕೇಳಿಸಿಕೊಳ್ಳುವುದಕ್ಕೆ ಇಲ್ಲದಿದ್ದರೆ, ಅವರು ಎದ್ದು ನಿಂತ ಹುಡುಗನನ್ನು ‘ಆಮೇಲೆ ಹೇಳು’ ಎಂದು ಕೂರಿಸುವುದನ್ನು ಕಲಿಯುತ್ತಾರೆ. ಅವನು ಆಮೇಲೆ ಹೇಳುವುದಿಲ್ಲ. ನಮ್ಮ ವೀಕ್ಷಣಾ ನಮೂನೆಗೆ ಎರಡು ಸಾಲು ಸೇರಿಸಬೇಕೆಂದು ನಾನು ವಿಭಾಗದ ಸಭೆಯಲ್ಲಿ ಕೇಳಲಿದ್ದೇನೆ. ಒಂದು: ಮಕ್ಕಳು ಕಾರಣ ಕೊಟ್ಟು ‘ಇಲ್ಲಿ ಬೇಡ’ ಎಂದ ಬಳಕೆ ಯಾವುದು? ಇನ್ನೊಂದು: ಪಾಠಯೋಜನೆಯಲ್ಲಿ ಇಲ್ಲದ, ಮಗುವಿನಿಂದ ಬಂದ ಜ್ಞಾನವನ್ನು ಶಿಕ್ಷಕರು ಹೇಗೆ ಬಳಸಿಕೊಂಡರು? ಮೊದಲ ಸಾಲು ಖಾಲಿಯಿದ್ದರೆ ಆ ತರಗತಿಯಲ್ಲಿ ಪಟ್ಟಿ ತಯಾರಾಗಿದೆ, ಆಲೋಚನೆ ನಡೆದಿಲ್ಲ ಎಂದು ತಿಳಿಯಬೇಕು.

ಆ ಪ್ರಶಿಕ್ಷಣಾರ್ಥಿ ಈಗ ಕೋರ್ಸು ಮುಗಿಸಿ ಹೋಗಿದ್ದಾರೆ. ಕಳೆದ ಅಂಕವನ್ನು ಈಗ ಸೇರಿಸಲು ಬರುವುದಿಲ್ಲ. ಅವರಿಗೆ ಫೋನು ಮಾಡಿ, ಅಂದು ನಾನು ಬರೆದದ್ದು ತಪ್ಪು, ನೀವು ಮಾಡಿದ್ದು ಸರಿ ಎಂದು ಹೇಳಿದೆ. ಅವರು ಸ್ವಲ್ಪ ಸುಮ್ಮನಿದ್ದು, ‘ಸರ್, ಆ ಹುಡುಗ ಮರುದಿನ ಒಂದು ಬಾಟಲಿಯಲ್ಲಿ ಸುಣ್ಣದ ನೀರು ತಂದಿದ್ದ. ನಾನು ತೆಗೆದುಕೊಳ್ಳಲಿಲ್ಲ. ಹೊಸ ಪಾಠ ಇತ್ತು’ ಎಂದರು.